ಮೊದಲು ಸಸ್ಪೆನ್ಷನ್, ಆಮೇಲೆ ಚಕ್ರ, ಕೊನೆಗೆ ಟೈರ್: ಸ್ಪೋರ್ಟ್ಸ್ ಕಾರನ್ನು ತಗ್ಗಿಸಿದ ಅನುಭವ

ನನ್ನ ಟೊಯೊಟಾ 86 ಕಾರಿಗೆ ಹೊಸ ಸಸ್ಪೆನ್ಷನ್, ಹೊಸ ಚಕ್ರ, ಹೊಸ ಟೈರ್ ಹಾಕಿಸುವ ಕೆಲಸ ಕೊನೆಗೂ ಮುಗಿದಿದೆ. ಇದೇ ಕೆಲಸಕ್ಕೆ ಕೈ ಹಾಕಲಿರುವವರಿಗೆ ಉಪಯೋಗವಾಗಲಿ ಎಂದು ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಮಾರುವವರು ಸ್ಪ್ರಿಂಗ್ ಬಗ್ಗೆ ಚೆನ್ನಾಗಿ ಹೇಳುತ್ತಾರೆ, ಚಕ್ರ ಮಾರುವವರು ಚಕ್ರದ ಬಗ್ಗೆ ಹೇಳುತ್ತಾರೆ. ಆದರೆ ಇವುಗಳಲ್ಲಿ ಒಂದನ್ನು ಬದಲಿಸಿದರೆ ಉಳಿದ ಎರಡರ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂದು ಹೇಳುವವರು ಅಪರೂಪ. ಅದಕ್ಕಾಗಿಯೇ ನಾನು ಮೂರನ್ನೂ ಒಟ್ಟಿಗೆ ತರಿಸಲಿಲ್ಲ. ಸಸ್ಪೆನ್ಷನ್ ಹಾಕಿಸಿ, ಅಳತೆ ತೆಗೆದು, ಆ ಅಳತೆಯ ಮೇಲೆ ಚಕ್ರ ಆರಿಸಿ, ಚಕ್ರದ ಮೇಲೆ ಟೈರ್ ಆರಿಸಿದೆ. ಕಾಯುವುದು ಹೆಚ್ಚಾಯಿತು. ಆದರೆ ಹಿಂದಿರುಗಿಸಬೇಕಾಗಿ ಬಂದದ್ದು ಒಂದು ಚಿಕ್ಕ ವಸ್ತು ಮಾತ್ರ. ಅದರ ಕಥೆ ಮುಂದೆ ಬರುತ್ತದೆ.

ನನ್ನದು 2012ರಲ್ಲಿ ಬಂದ ಮೊದಲ ಪೀಳಿಗೆಯ ಮಾದರಿ. ಕಾರ್ಖಾನೆಯಿಂದ ಬಂದ ಚಕ್ರ 17 ಇಂಚು ವ್ಯಾಸ, 7 ಇಂಚು ಅಗಲದ್ದು. ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ (ಚಕ್ರ ಕೂರುವ ಭಾಗ) ತಾಗುವ ಮುಖಕ್ಕಿರುವ ದೂರ, 48 ಮಿ.ಮೀ. ಟೈರ್ 215/45 ಆರ್17, ಅಂದರೆ 215 ಮಿ.ಮೀ. ಅಗಲ, ಆ ಅಗಲದ ಶೇ 45ರಷ್ಟು ಗೋಡೆಯ ಎತ್ತರ, 17 ಇಂಚಿನ ಚಕ್ರಕ್ಕೆ. ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ, ಕೆಳಗೆ ಮಾತ್ರ ತೋಳು), ಹಿಂದೆ ಡಬಲ್ ವಿಷ್‌ಬೋನ್ (ಮೇಲೂ ಕೆಳಗೂ ತೋಳು). ಸುಬಾರು ಬಿಆರ್‌ಝಡ್ ಇದರ ಅವಳಿಯಾದ್ದರಿಂದ ಬಿಡಿಭಾಗಗಳ ಆಯ್ಕೆಗೆ ಕೊರತೆಯಿಲ್ಲ. ನಿಮ್ಮ ಕಾರು ಬೇರೆಯಾಗಿದ್ದರೆ ಅಂಕಿಗಳು ಬೇರೆಯಾಗುತ್ತವೆ, ಕ್ರಮ ಬೇರೆಯಾಗುವುದಿಲ್ಲ.

ಮೊದಲ ಕೆಲಸ ಕಾಗದದ್ದು. ಸಸ್ಪೆನ್ಷನ್, ಚಕ್ರಗಳಂಥ ಬದಲಾವಣೆಗೆ ಯಾವ ದಾಖಲೆ ಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ಭಾಗದ ಜೊತೆಗೆ ಬರುವ ಪರೀಕ್ಷಾ ಪ್ರಮಾಣಪತ್ರ ತೋರಿಸಿ ವಾಹನವನ್ನು ಮತ್ತೆ ತಪಾಸಣೆಗೆ ಒಡ್ಡಬೇಕು, ಕೆಲವೆಡೆ ನೋಂದಣಿಯಲ್ಲೇ ತಿದ್ದುಪಡಿ ಬೇಕು. ಇದನ್ನು ಹಣ ಕೊಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ವಿಮೆಯವರಿಗಂತೂ ಬರವಣಿಗೆಯಲ್ಲೇ ತಿಳಿಸಿ. ನನ್ನ ವಿಮಾ ಸಂಸ್ಥೆ ಭಾಗಗಳ ಪಟ್ಟಿ, ಹಾಕಿಸಲು ಯೋಚಿಸಿದ್ದ ಚಕ್ರದ ಅಳತೆ, ಭಾರ ಹೊರುವ ಸಾಮರ್ಥ್ಯ, ಕಾರಿನ ಚಿತ್ರಗಳು ಎಲ್ಲವನ್ನೂ ಕೇಳಿತು. ಕೊಟ್ಟ ಮೇಲೆ ಬಹಳ ದಿನ ಉತ್ತರವೇ ಇಲ್ಲ. ಸಸ್ಪೆನ್ಷನ್ ಪೆಟ್ಟಿಗೆ ಮನೆಗೆ ಬಂದು ಕುಳಿತಿದ್ದರೂ ಒಪ್ಪಿಗೆಯ ಪತ್ರ ಕೈಗೆ ಬರುವವರೆಗೆ ನಾನು ಒಂದು ನಟ್ ಕೂಡ ಸಡಿಲಿಸಲಿಲ್ಲ. ಆ ಕಾಯುವಿಕೆ ನಿಜಕ್ಕೂ ಸಹನೆ ಕೆಡಿಸಿತು. ಆದರೆ ಅಪಘಾತವಾದ ಮೇಲೆ ‘ಈ ಬದಲಾವಣೆ ನಮಗೆ ತಿಳಿಸಿರಲಿಲ್ಲ’ ಎಂಬ ಉತ್ತರ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಸಸ್ಪೆನ್ಷನ್ ಆಯ್ಕೆಯ ವಿಷಯಕ್ಕೆ ಬರುತ್ತೇನೆ. ತಗ್ಗಿಸಲು ಸುಲಭ ದಾರಿ ಗಿಡ್ಡ ಸ್ಪ್ರಿಂಗ್. ಹಳೆಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಗೆಯೇ ಉಳಿಯುತ್ತದೆ, ಖರ್ಚು ಕಡಿಮೆ. ಆದರೆ ಕಾರು ಇಳಿದಷ್ಟೂ ಡ್ಯಾಂಪರಿನ ದಂಡ ಒಳಗೆ ಸರಿದಿರುತ್ತದೆ. ಚಲನೆಯ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೆ ಇರುವ ದೂರ ಅಷ್ಟೇ ಕಡಿಮೆಯಾಗುತ್ತದೆ. ಹಳ್ಳ ಸಿಕ್ಕಾಗ ಸ್ಪ್ರಿಂಗ್ ಬದಲು ಆ ರಬ್ಬರ್ ತುಂಡೇ ಕಾರನ್ನು ಹೊರಬೇಕಾಗುತ್ತದೆ. ಡ್ಯಾಂಪರಿನ ಸುತ್ತ ಸ್ಪ್ರಿಂಗ್ ಕೂರಿಸಿದ, ಎತ್ತರ ಹೊಂದಿಸಬಲ್ಲ ಕಾಯಿಲ್‌ಓವರ್‌ಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಇಳಿಸಿ ಕಾರು ತಗ್ಗಿಸುತ್ತಾರೆ. ಇಲ್ಲೂ ಚಲನೆಯ ದೂರ ನಷ್ಟವಾಗುತ್ತದೆ. ಇನ್ನೊಂದರಲ್ಲಿ ಡ್ಯಾಂಪರಿನ ಕೆಳಭಾಗದ ಬ್ರ್ಯಾಕೆಟ್ ತಿರುಗಿಸಿ ಇಡೀ ಕೊಳವೆಯ ಉದ್ದವನ್ನೇ ಕಡಿಮೆ ಮಾಡಬಹುದು. ಡ್ಯಾಂಪರಿನ ಚಲನೆ ಹಾಗೆಯೇ ಉಳಿಯುತ್ತದೆ. ನಾನು ಎರಡನೆಯದನ್ನು ಆರಿಸಿದೆ. ಹೆಚ್ಚು ಹಣ ಹೋದದ್ದೂ ಇಲ್ಲಿಯೇ, ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಎಷ್ಟು ತಗ್ಗಿಸಬೇಕು? ಮುಂದೆ 25 ಮಿ.ಮೀ., ಹಿಂದೆ 20 ಮಿ.ಮೀ. ಸಾಕು ಎಂದು ನಿರ್ಧರಿಸಿದ್ದೆ. ಇನ್ನೂ ಇಳಿಸಿದರೆ ನೋಡಲು ಚಂದ ಎನ್ನುವವರು ಬಹಳ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ಇಳಿಸಿದಾಗ ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳಾದ ಕೆಳಗಿನ ಕಂಟ್ರೋಲ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ವಾಲುತ್ತದೆ. ಆಗ, ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್ ಎಂಬ ಬಿಂದು ಕಾರಿನ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರನ್ನು ವಾಲಿಸುವ ಬಲವೂ ಹೆಚ್ಚುತ್ತದೆ. ಅಂದರೆ ಚೆನ್ನಾಗಿ ತಿರುಗಲಿ ಎಂದು ಇಳಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ, ಅದನ್ನು ತಡೆಯಲು ಇನ್ನೂ ಗಡಸು ಸ್ಪ್ರಿಂಗ್ ಬೇಕಾಗುತ್ತದೆ. ನನಗೆ ಬೇಕಿದ್ದುದು ಓಡಿಸಲು ಹಿತವಾದ ಕಾರು.

ಕೆಲಸ ಆರಂಭಿಸುವ ಮುನ್ನ ಇದೊಂದನ್ನು ತಪ್ಪದೆ ಮಾಡಿ. ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ನೇರ ಮೇಲಿರುವ ಫೆಂಡರ್ (ಚಕ್ರದ ಮೇಲಿನ ಹೊರಕವಚ) ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ. ಟೈರ್ ಬದಲಾದರೆ, ಗಾಳಿ ಕಡಿಮೆಯಾದರೆ ನೆಲದ ಅಳತೆ ಸುಳ್ಳಾಗುತ್ತದೆ. ಹಬ್‌ನಿಂದ ತೆಗೆದ ಅಳತೆ ಸುಳ್ಳಾಗುವುದಿಲ್ಲ. ಈ ನಾಲ್ಕು ಅಂಕಿಗಳು ಕೆಲಸ ಮುಗಿಯುವವರೆಗೂ ನನ್ನ ಜೇಬಿನಲ್ಲಿದ್ದವು.

ಹಳೆಯ ಸ್ಪ್ರಿಂಗ್ ಬಿಚ್ಚಿ ಕಟ್ಟುವ ಕೆಲಸ ನನಗೆ ಇರಲಿಲ್ಲ, ಏಕೆಂದರೆ ಕಾಯಿಲ್‌ಓವರ್ ಪೂರ್ತಿ ಜೋಡಣೆಯಾಗಿ ಬಂದಿತ್ತು. ನೀವು ಬರೀ ಸ್ಪ್ರಿಂಗ್ ಬದಲಿಸುವವರಾದರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಬೇಡಿ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೂ ಆ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಅದು ಚಿಮ್ಮಿದರೆ ಪ್ರಾಣಕ್ಕೇ ಅಪಾಯ.

ಮುಂಭಾಗದ ಕೆಲಸ ಸರಾಗವಾಗಿ ಶುರುವಾಯಿತು. ಸ್ಟ್ರಟ್‌ಗೆ ಕಟ್ಟಿದ್ದ ಬ್ರೇಕ್ ಹೋಸ್‌ನ ಬ್ರ್ಯಾಕೆಟ್, ಎಬಿಎಸ್ ತಂತಿಯ ಹಿಡಿಕೆ, ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ಬಿಡಿಸಬೇಕು. ಆಮೇಲೆ ಕೆಳಗಿನ ಎರಡು ದೊಡ್ಡ ಬೋಲ್ಟ್, ಮೇಲೆ ಬಾನೆಟ್ ಒಳಗಿನ ಮೂರು ನಟ್. ಹೇಳಲು ಇಷ್ಟೇ. ಆದರೆ ಲಿಂಕ್‌ನ ನಟ್ ತಿರುಗಿಸಿದರೆ ಒಳಗಿನ ಕಡ್ಡಿಯೂ ಜೊತೆಗೇ ತಿರುಗತೊಡಗಿತು. ಕಡ್ಡಿಯ ತುದಿಯಲ್ಲಿ ಅಲೆನ್ ಕೀ ಹಿಡಿಯಲು ಇದ್ದ ತೂತು ತುಕ್ಕಿನಿಂದ ಸವೆದಿತ್ತು. ಮೆಕ್ಯಾನಿಕ್ ಕೊನೆಗೆ ಲಿಂಕನ್ನು ಕತ್ತರಿಸಿಯೇ ತೆಗೆದರು. ಅಷ್ಟರಲ್ಲಿ ಬ್ರೇಕ್ ಹೋಸ್ ಬ್ರ್ಯಾಕೆಟ್‌ನ ಚಿಕ್ಕ ಬೋಲ್ಟ್ ಕೂಡ ತಲೆ ಮುರಿದುಕೊಂಡಿತು. ಬದಲಿ ಲಿಂಕ್ ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ ನಿಂತಿತ್ತು. ಅರ್ಧ ಬಿಚ್ಚಿದ ಕಾರನ್ನು ಬಿಟ್ಟು ಮನೆಗೆ ಹೋಗುವಾಗಿನ ಕಳವಳ ಅನುಭವಿಸಿದವರಿಗೇ ಗೊತ್ತು. ಕೆಲಸದ ಹಿಂದಿನ ದಿನಗಳಲ್ಲೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ. ಲಿಂಕ್‌ಗಳ ಒಂದು ಜೊತೆಯನ್ನೂ ಮುಂಚಿತವಾಗಿ ತರಿಸಿಕೊಳ್ಳಿ, ಬೇಕಾಗದಿದ್ದರೆ ಹಿಂದಿರುಗಿಸಬಹುದು.

ಹಿಂಭಾಗದ ಮೇಲಿನ ನಟ್‌ಗಳು ಡಿಕ್ಕಿಯ ಒಳಹೊದಿಕೆಯ ಹಿಂದೆ ಅಡಗಿವೆ. ಆ ಹೊದಿಕೆ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್‌ಗಳು ವಯಸ್ಸಾದಂತೆ ಪೆಡಸಾಗಿ ಮುರಿಯುತ್ತವೆ, ಒಂದಿಷ್ಟು ಹೆಚ್ಚುವರಿ ಕ್ಲಿಪ್ ಇಟ್ಟುಕೊಳ್ಳಿ. ಇಲ್ಲಿಯವರೆಗೆ ಬಂದ ಮೇಲೆ ಇಡೀ ಕೆಲಸದಲ್ಲೇ ಹೆಚ್ಚು ಮುಖ್ಯ ಎಂದು ನಾನು ಭಾವಿಸುವ ಹಂತ ಬರುತ್ತದೆ. ಕಂಟ್ರೋಲ್ ಆರ್ಮ್‌ಗಳ ಕೀಲುಗಳಲ್ಲಿರುವ ಬುಷ್‌ಗಳಲ್ಲಿ ರಬ್ಬರ್, ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಗಾಳಿಯಲ್ಲಿದ್ದು ಆರ್ಮ್ ಜೋತುಬಿದ್ದಾಗ ಬೋಲ್ಟ್ ಬಿಗಿ ಮಾಡಿದರೆ ಆ ಜೋತುಬಿದ್ದ ಸ್ಥಿತಿಯೇ ರಬ್ಬರಿನ ವಿಶ್ರಾಂತ ಸ್ಥಿತಿಯಾಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿದಂತೆಯೇ ಇರುತ್ತದೆ, ಬೇಗ ಹರಿಯುತ್ತದೆ. ಕಾರಿನ ಎತ್ತರವೂ ನಾವು ಹೊಂದಿಸಿದಷ್ಟು ಬರುವುದಿಲ್ಲ.

ಗ್ಯಾರೇಜಿನಲ್ಲಿ ಹೊಸದಾಗಿ ಸೇರಿದ್ದ ಹುಡುಗ ಕಾರು ಮೇಲಿರುವಾಗಲೇ ಬಿಗಿ ಮಾಡಲು ಹೊರಟಿದ್ದ. ಹಿರಿಯ ಮೆಕ್ಯಾನಿಕ್ ತಡೆದರು: “ಈಗ ಬರೀ ಕೂರಿಸಿಡು, ಭಾರ ಬಿದ್ದ ಮೇಲೆ ಬಿಗಿ ಮಾಡೋಣ.” ಕೆಳಗಿನ ಆರ್ಮ್ ಅಡಿಗೆ ಜಾಕ್ ಕೊಟ್ಟು, ನನ್ನ ಜೇಬಿನ ಚೀಟಿಯ ಅಂಕಿಯಿಂದ ಮುಂದೆ 25, ಹಿಂದೆ 20 ಕಳೆದು, ಹಬ್‌ನಿಂದ ಫೆಂಡರ್‌ಗೆ ಅಷ್ಟೇ ಅಳತೆ ಬರುವವರೆಗೆ ಎತ್ತಿ, ಆಮೇಲೆ ಸೇವಾ ಕೈಪಿಡಿ ಹೇಳುವ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿ ಮಾಡಿದರು. ನೀವು ಬೇರೆಯವರಿಂದ ಕೆಲಸ ಮಾಡಿಸುವುದಾದರೆ ಇದೊಂದನ್ನು ಮೊದಲೇ ಕೇಳಿ. ಉತ್ತರದಿಂದಲೇ ಆ ಗ್ಯಾರೇಜಿನ ಪರಿಣತಿ ಗೊತ್ತಾಗುತ್ತದೆ.

ಹಳೆಯ ಚಕ್ರಗಳ ಮೇಲೆಯೇ ಕೆಲವು ವಾರ ಓಡಿಸಿದೆ. ಹೊಸ ಸ್ಪ್ರಿಂಗ್‌ಗಳು, ಅವುಗಳ ರಬ್ಬರ್ ಆಸನಗಳು ಭಾರಕ್ಕೆ ಒಗ್ಗಿ ಕೆಲವು ಮಿ.ಮೀ. ಕುಳಿತವು. ಈ ಅವಧಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಪೂರ್ತಿ ತಪ್ಪಿದ್ದರೆ ಟೈರ್ ಹಾಳಾಗುತ್ತದೆ ಎಂದು ಗ್ಯಾರೇಜಿನಲ್ಲೇ ದಾರ ಕಟ್ಟಿ ಸ್ಥೂಲವಾಗಿ ನೇರ ಮಾಡಿಕೊಂಡಿದ್ದೆವು. ಸ್ಪ್ರಿಂಗ್ ಕುಳಿತ ಮೇಲೆ ಎತ್ತರವನ್ನು ಮತ್ತೆ ಹೊಂದಿಸಿ, ಆಗ ಚಕ್ರದ ಲೆಕ್ಕ ಹಿಡಿದೆ.

ಚಕ್ರದ ಲೆಕ್ಕಕ್ಕೆ ಹೆದರಬೇಕಾಗಿಲ್ಲ. ನನ್ನ ಆಯ್ಕೆ 17 ಇಂಚು ವ್ಯಾಸ, 8 ಇಂಚು ಅಗಲ, ಆಫ್‌ಸೆಟ್ 45. ಒಂದು ಇಂಚು ಅಗಲ ಹೆಚ್ಚಾದರೆ 25.4 ಮಿ.ಮೀ.; ಅದು ಒಳಗೆ 12.7, ಹೊರಗೆ 12.7 ಎಂದು ಹಂಚಿಹೋಗುತ್ತದೆ. ಆಫ್‌ಸೆಟ್ 48ರಿಂದ 45ಕ್ಕೆ ಇಳಿದಿದೆ ಎಂದರೆ ಇಡೀ ಚಕ್ರ 3 ಮಿ.ಮೀ. ಹೊರಗೆ ಸರಿದಿದೆ. ಹಾಗಾಗಿ ಒಳ ಅಂಚು ಮೊದಲಿಗಿಂತ 9.7 ಮಿ.ಮೀ. ಸ್ಟ್ರಟ್ ಕಡೆಗೆ, ಹೊರ ಅಂಚು 15.7 ಮಿ.ಮೀ. ಫೆಂಡರ್ ಕಡೆಗೆ ಬರುತ್ತದೆ. ಸಸ್ಪೆನ್ಷನ್ ಮೊದಲು ಹಾಕಿಸಿದ್ದರ ಲಾಭ ಇಲ್ಲಿ ಸಿಕ್ಕಿತು. ಕಾಯಿಲ್‌ಓವರಿನ ಕೊಳವೆ, ಸ್ಪ್ರಿಂಗ್ ತಟ್ಟೆ ಮೂಲ ಸ್ಟ್ರಟ್‌ನ ಆಕಾರದಲ್ಲಿ ಇರುವುದಿಲ್ಲ; ಯಾರದೋ ಪಟ್ಟಿ ನೋಡಿ ಚಕ್ರ ತರಿಸಿದ್ದರೆ ಒಳಗೆಷ್ಟು ಜಾಗ ಉಳಿಯುತ್ತದೆ ಎಂದು ತಿಳಿಯುತ್ತಲೇ ಇರಲಿಲ್ಲ. ಹಳೆಯ ಚಕ್ರ, ಟೈರ್ ಇದ್ದಾಗಲೇ ಒಳಗಿನ ಜಾಗ ಅಳೆದೆ, 9.7 ಕಳೆದೆ. ಹೊಸ ಟೈರ್ ಉಬ್ಬುವುದಕ್ಕೂ ಸ್ವಲ್ಪ ಬಿಟ್ಟೆ. ಬೆರಳು ತೂರುವಷ್ಟು ಜಾಗ ಉಳಿಯುತ್ತದೆಂದು ಖಾತ್ರಿಯಾದ ಮೇಲೆಯೇ ಹಣ ಕಟ್ಟಿದೆ.

ಆಫ್‌ಸೆಟ್ ಒಂದೇ ಸಾಲದು. ಈ ಕಾರಿನ ಹಬ್‌ಗೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ 5 ಬೋಲ್ಟ್, ನಡುವಿನ ಹಬ್‌ನ ವ್ಯಾಸ 56.1 ಮಿ.ಮೀ.; ನಟ್ ಎಂ12 (12 ಮಿ.ಮೀ. ಎಳೆ), ಪಿಚ್, ಅಂದರೆ ಎಳೆಗಳ ನಡುವಿನ ಅಂತರ, 1.25. ಚಕ್ರದ ಹಿಂಬದಿಯಲ್ಲಿ ಜಪಾನಿನ ಹಗುರ ಮಿಶ್ರಲೋಹ ಚಕ್ರಗಳ ಮಾನದಂಡವಾದ ಜೆಡಬ್ಲ್ಯುಎಲ್ ಗುರುತು ಇದೆಯೇ, ಪ್ರತಿ ಚಕ್ರ ಹೊರುವ ಭಾರ ಕಾರಿನ ಗರಿಷ್ಠ ಆಕ್ಸಲ್ ಭಾರದ ಅರ್ಧಕ್ಕಿಂತ ಕಡಿಮೆಯಿಲ್ಲವೇ ಎಂದು ನೋಡಿ. ಗುರುತುಗಳ ಚಿತ್ರ ತೆಗೆದಿಡಿ. ಟೈರ್ ಹಾಕಿ ಕಾರಿಗೆ ಜೋಡಿಸಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ, ವಿಮೆಯವರು ಕೇಳುವುದು ಆಗಲೇ.

ಚಕ್ರಗಳು ದಾಸ್ತಾನಿನಲ್ಲಿ ಇರಲಿಲ್ಲ. ಕಾಯಲು ಹೇಳಿದ್ದ ಅವಧಿ ಮುಗಿದು ಇನ್ನೊಂದು ತಾರೀಖು ಬಂತು, ಅದೂ ದಾಟಿತು. ಬೇರೆ ಅಳತೆಯ ಚಕ್ರ ಈಗಲೇ ಸಿಗುತ್ತದೆ ಎಂದು ಮಾರಾಟಗಾರರು ಸೂಚಿಸಿದರು. ಅದು 9 ಇಂಚು ಅಗಲ, ಆಫ್‌ಸೆಟ್ 42. ಲೆಕ್ಕ ಹಾಕಿದರೆ ಒಳಗೆ 19.4, ಹೊರಗೆ 31.4 ಮಿ.ಮೀ. ಹೆಚ್ಚು. ನನ್ನ ಅಳತೆಗೆ ಅದು ಕೂರುವಂತಿರಲಿಲ್ಲ, ಬೇಡವೆಂದೆ. ಕೊನೆಗೆ ಬಂದ ಪೆಟ್ಟಿಗೆ ತೆರೆದು ಮೊದಲ ಚಕ್ರವನ್ನು ಕೈಗೆತ್ತಿಕೊಂಡಾಗ ಅದರ ಹಗುರತನಕ್ಕೆ ಮನಸ್ಸು ತುಂಬಿಬಂತು. ಕಾಯುತ್ತಾ ಪಟ್ಟ ಬೇಸರವೆಲ್ಲ ಇಳಿಯಿತು.

ಹಿಂದಿರುಗಿಸಬೇಕಾದ ವಸ್ತು ಸಿಕ್ಕಿದ್ದು ಅದೇ ಪೆಟ್ಟಿಗೆಯಲ್ಲಿ. ಕಾರಿನ ಕಂಪನಿಯದ್ದಲ್ಲದ ಚಕ್ರಗಳು ಹಲವು ಕಾರುಗಳಿಗೆ ಹೊಂದಲೆಂದು ನಡುವಿನ ರಂಧ್ರ ದೊಡ್ಡದಾಗಿರುತ್ತದೆ, ನನ್ನದು 73.1 ಮಿ.ಮೀ. ಅದನ್ನು 56.1ಕ್ಕೆ ಇಳಿಸುವುದು ಹಬ್ ರಿಂಗ್ ಎಂಬ ಬಳೆ. ನನಗೆ ಕಳಿಸಿದ್ದು 56.6ರದ್ದು. ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ, ಹಬ್ ಮೇಲೆ ಸುಲಭವಾಗಿ ಕೂರುತ್ತದೆ. ಅತಿ ಸುಲಭವಾಗಿ ಕೂರುತ್ತದೆ ಎಂಬುದೇ ಅನುಮಾನ ತಂದಿತು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ಅರ್ಧ ಮಿ.ಮೀ. ವ್ಯತ್ಯಾಸ ಹೊರಬಿತ್ತು. ಬಳೆ ಸಡಿಲವಾಗಿದ್ದರೆ ಚಕ್ರವನ್ನು ನಡುವಿಗೆ ತರುವ ಕೆಲಸವನ್ನು ಅದು ಮಾಡುವುದಿಲ್ಲ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೆದ್ದಾರಿ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಕಾರಣ ಹುಡುಕುತ್ತಾ ಅಲೆಯಬೇಕಾಗುತ್ತದೆ. ಸರಿಯಾದ ಬಳೆ ಬರುವವರೆಗೆ ಮತ್ತೆ ಕಾದೆ. ನಟ್‌ಗಳ ವಿಷಯವೂ ಹೀಗೆಯೇ: ಚಕ್ರದ ರಂಧ್ರ ಶಂಕುವಿನಾಕಾರದ್ದಾದರೆ ನಟ್‌ನ ಬುಡವೂ ಶಂಕುವೇ ಆಗಬೇಕು, ಗೋಳಾಕಾರದ್ದು ಹಾಕಿದರೆ ಹಿಡಿತ ಕೂರುವುದಿಲ್ಲ.

ಟೈರ್ 225/45 ಆರ್17 ಆರಿಸಿದೆ. ಮೂಲ ಟೈರಿನ ಹೊರ ವ್ಯಾಸ ಸುಮಾರು 625 ಮಿ.ಮೀ., ಇದರದ್ದು 634, ಶೇ 1.4 ಹೆಚ್ಚು. ಸ್ಪೀಡೋಮೀಟರ್ 100 ತೋರಿಸುವಾಗ ವೇಗ ಮೊದಲಿದ್ದುದಕ್ಕಿಂತ ಅಷ್ಟೇ ಶೇಕಡಾ ಹೆಚ್ಚಿರುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಆದ್ದರಿಂದ ಕಾರ್ಖಾನೆಯಲ್ಲೇ ಕೊಂಚ ಹೆಚ್ಚು ತೋರಿಸುವಂತೆ ಹೊಂದಿಸಿರುತ್ತಾರೆ. ಜಿಪಿಎಸ್ ಜೊತೆ ಹೋಲಿಸಿದಾಗ ನನ್ನ ಕಾರಿನಲ್ಲಿ ಈಗಲೂ ಮೀಟರ್ ಹೆಚ್ಚೇ ತೋರಿಸುತ್ತದೆ. ಭಾರದ ಸೂಚ್ಯಂಕ ಮೂಲದ 87ಕ್ಕಿಂತ, ಅಂದರೆ 545 ಕಿಲೋಗಿಂತ ಕಡಿಮೆಯಾಗಬಾರದು. ನನ್ನ ಹೊಸ ಟೈರಿನದು 91, ಅಂದರೆ 615 ಕಿಲೋ. ಟೈರ್ ಗೋಡೆಯ ಮೇಲಿನ ನಾಲ್ಕಂಕಿ ನೋಡದೆ ಹಾಕಿಸಬೇಡಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬೇಸಿಗೆ ಟೈರ್‌ಗಳ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ, ನಕ್ಷತ್ರದ ಗೆರೆಯಂತೆ ಎದುರುಬದುರಾಗಿ ಬಿಗಿ ಮಾಡಿದ್ದಾಯಿತು. ಸುಮಾರು 100 ಕಿ.ಮೀ. ಓಡಿಸಿ ಮತ್ತೆ ಪರೀಕ್ಷಿಸಿದಾಗ ಒಂದೆರಡು ನಟ್ ಸ್ವಲ್ಪ ತಿರುಗಿದವು. ಈ ಮರುಪರೀಕ್ಷೆ ಬಿಡಬೇಡಿ.

ಮೊದಲ ದಿನ ಹಿಂದಕ್ಕೆ ತೆಗೆಯುತ್ತಾ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನಿಂದ ಕೆರೆಯುವ ಸದ್ದು ಬಂತು. ಎದೆ ಧಸಕ್ಕೆಂದಿತು. ನೋಡಿದರೆ ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಒಂದು ಕ್ಲಿಪ್‌ನ ತಲೆ ಟೈರಿಗೆ ತಾಗುತ್ತಿತ್ತು. ಚಪ್ಪಟೆ ತಲೆಯ ಕ್ಲಿಪ್ ಹಾಕಿ, ಹೊದಿಕೆಯನ್ನು ಬಿಸಿ ಗಾಳಿಯಿಂದ ಮೆದು ಮಾಡಿ ಒಳಕ್ಕೆ ಒತ್ತಿದ ಮೇಲೆ ಸದ್ದು ನಿಂತಿತು. ಹಿಂದಿನ ಸೀಟಿನಲ್ಲಿ ಭಾರ ಹಾಕಿ, ಉಬ್ಬು ತಗ್ಗಿನ ದಾರಿಯಲ್ಲಿ ಓಡಿಸಿ, ಫೆಂಡರ್ ಅಂಚಿಗೆ ಹಚ್ಚಿದ್ದ ಸೀಮೆಸುಣ್ಣ ಅಳಿಸಿದೆಯೇ ಎಂದೂ ನೋಡಿದೆ. ಅಳಿಸಿರಲಿಲ್ಲ.

ವೀಲ್ ಅಲೈನ್‌ಮೆಂಟ್‌ಗೆ ಹೋದಾಗ ಇನ್ನೊಂದು ತೊಡಕು. ಅಲೈನ್‌ಮೆಂಟ್ ಯಂತ್ರಕ್ಕೆ ಗೊತ್ತಿರುವುದು ಕಾರ್ಖಾನೆಯ ಎತ್ತರದ ಕಾರಿನ ಅಂಕಿಗಳು. ಪರದೆಯಲ್ಲಿ ಹಸಿರು ಬಂದರೆ ಮುಗಿಯಿತು ಎನ್ನುವವರ ಬಳಿ ಹೋಗಬೇಡಿ. ನಿಮಗೆ ಬೇಕಾದ ಅಂಕಿಗಳನ್ನು ಬರೆದುಕೊಂಡು ಹೋಗಿ. ತಗ್ಗಿಸಿದ ಮೇಲೆ ನನ್ನ ಕಾರಿನ ಹಿಂಚಕ್ರಗಳ ಕ್ಯಾಂಬರ್ (ನೇರ ನಿಲುವಿನಿಂದ ಚಕ್ರ ವಾಲಿರುವ ಕೋನ; ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ) ಎಡಕ್ಕೆ ಮೈನಸ್ 1.9, ಬಲಕ್ಕೆ ಮೈನಸ್ 1.7 ಡಿಗ್ರಿ. ಈ ಕಾರಿನಲ್ಲಿ ಹಿಂದಿನ ಟೋ ಹೊಂದಿಸಬಹುದು, ಕ್ಯಾಂಬರ್ ಹೊಂದಿಸಲು ಕಾರ್ಖಾನೆಯ ವ್ಯವಸ್ಥೆ ಇಲ್ಲ. ಬೇಕಾದರೆ ಹೊಂದಿಸಬಲ್ಲ ಆರ್ಮ್ ಕೊಳ್ಳಬೇಕು. ನಾನು ಕೊಳ್ಳಲಿಲ್ಲ, ಕಾರು ಇನ್ನೂ ತಗ್ಗಿದ್ದರೆ ಕೊಳ್ಳಬೇಕಾಗುತ್ತಿತ್ತು. ಮುಂದೆ ಕ್ಯಾಂಬರ್ ಬೋಲ್ಟ್ ಬಳಸಿ ಎರಡೂ ಕಡೆ ಮೈನಸ್ 1.2ಕ್ಕೆ ತಂದೆವು, ಟೋ ಸೊನ್ನೆ; ಹಿಂದೆ ಸ್ವಲ್ಪ ಒಳಮುಖ. ರಸ್ತೆಯ ಕಾರಿನಲ್ಲಿ ಟೈರನ್ನು ಬೇಗ ತಿನ್ನುವುದು ಇಷ್ಟು ಕ್ಯಾಂಬರ್ ಅಲ್ಲ, ತಪ್ಪಿದ ಟೋ. ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು ಅಳೆಯಲು ಹೇಳಿ, ಮೊದಲಿನ ಮತ್ತು ನಂತರದ ಎರಡೂ ಅಂಕಿಗಳ ಮುದ್ರಿತ ಪ್ರತಿ ಪಡೆಯಿರಿ.

ಕಾರಿನ ಮುಂಭಾಗ ಹಿಂಭಾಗಕ್ಕಿಂತ ಕೊಂಚ ಹೆಚ್ಚು ಇಳಿದದ್ದರಿಂದ ಹೆಡ್‌ಲೈಟ್ ಬೆಳಕು ಹತ್ತಿರದಲ್ಲೇ ಬೀಳುತ್ತಿತ್ತು, ಅದನ್ನೂ ಸರಿಪಡಿಸಿಕೊಂಡೆ.

ಖರ್ಚಿನ ಬಗ್ಗೆ ಒಂದು ಮಾತು. ಸಸ್ಪೆನ್ಷನ್, ಚಕ್ರ, ಟೈರ್ ಮೂರರ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ಟೈರ್ ಒತ್ತಡದ ಸೆನ್ಸರ್‌ಗಳು, ವಾಲ್ವ್, ನಟ್, ಬಳೆ, ಲಿಂಕ್, ಕ್ಯಾಂಬರ್ ಬೋಲ್ಟ್, ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದ ನಟ್‌ಗಳು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಇವು ಪಟ್ಟಿಯಲ್ಲಿ ಇರುವುದಿಲ್ಲ. ನನಗೆ ಇವೆಲ್ಲ ಸೇರಿ ಎರಡು ಟೈರ್‌ಗಳ ಬೆಲೆಗಿಂತ ಹೆಚ್ಚಾಯಿತು. ಅಷ್ಟನ್ನು ಮೊದಲೇ ತೆಗೆದಿಡಿ. ಮೂಲ ಚಕ್ರ, ಸ್ಟ್ರಟ್‌ಗಳನ್ನು ಬೋಲ್ಟ್ ಸಮೇತ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಕಾರು ಮಾರುವಾಗ, ಇಲ್ಲವೇ ತಪಾಸಣೆಯವರು ಮೂಲ ಸ್ಥಿತಿಗೆ ತನ್ನಿ ಎಂದಾಗ ಬೇಕಾಗುತ್ತವೆ.

ಈಗ ಕಾರು ತಿರುವಿಗೆ ಸ್ಟೀರಿಂಗ್ ಕೊಟ್ಟ ಕೂಡಲೇ ಸ್ಪಂದಿಸುತ್ತದೆ. ಹಳ್ಳದಲ್ಲಿ ಬಿಗಿಯೆನಿಸಿದರೂ ಬಂಪ್ ಸ್ಟಾಪ್‌ಗೆ ಬಡಿದ ಪೆಟ್ಟು ಇದುವರೆಗೆ ಕೇಳಿಲ್ಲ. ಡ್ಯಾಂಪರ್ ಬಿಗಿತವನ್ನು ಪೂರ್ತಿ ಬಿಗಿಯಿಂದ ಕ್ಲಿಕ್‌ಗಳನ್ನು ಹಿಂದಕ್ಕೆ ಎಣಿಸುತ್ತಾ ಇನ್ನೂ ಹೊಂದಿಸುತ್ತಿದ್ದೇನೆ, ಒಂದು ಸಲಕ್ಕೆ ಮುಂದೆ ಮಾತ್ರ ಅಥವಾ ಹಿಂದೆ ಮಾತ್ರ. ಟೈರ್‌ಗಳ ಒಳ ಅಂಚು, ನಡು, ಹೊರ ಅಂಚಿನ ಆಳವನ್ನು ಗೇಜ್‌ನಲ್ಲಿ ಅಳೆದು ಬರೆದಿಡುತ್ತಿದ್ದೇನೆ. ಕ್ಯಾಂಬರ್ ಹೆಚ್ಚಿರುವ ಹಿಂದಿನ ಎಡ ಟೈರಿನಲ್ಲೂ ಒಳಗೂ ಹೊರಗೂ ಅರ್ಧ ಮಿ.ಮೀ. ವ್ಯತ್ಯಾಸ ಕೂಡ ಸದ್ಯಕ್ಕೆ ಕಂಡಿಲ್ಲ.